ಏರಿ ಇಳಿಯುವ ಒಂದು ಮಹಾಸಂಖ್ಯೆ: ಮಹಾವೀರಾಚಾರ್ಯನ 12345654321



ದತ್ತಿ ಉಪನ್ಯಾಸವೆಂದರೆ ಕವಿಯನ್ನೋ ಕಾವ್ಯವನ್ನೋ ಶಾಸನವನ್ನೋ ಕುರಿತದ್ದಾಗಿರಬೇಕೆಂಬ ವಾಡಿಕೆ ನಮ್ಮಲ್ಲಿ ಬೇರೂರಿರುವಾಗ, ಒಂದೇ ಒಂದು ಸಂಖ್ಯೆಯನ್ನು ವಿಷಯವಾಗಿ ಆರಿಸಿಕೊಳ್ಳಲು ಅನುಮತಿಯಿತ್ತ ತಮ್ಮ ಔದಾರ್ಯಕ್ಕೆ ಮೊದಲು ವಂದಿಸುತ್ತೇನೆ. ಆ ಸಂಖ್ಯೆ 12345654321. ಇಂದಿನ ನಮ್ಮ ಎಣಿಕೆಯಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಒಂದೊಂದಾಗಿ ಏರಿ, ಆರರಿಂದ ಒಂದರವರೆಗೆ ಒಂದೊಂದಾಗಿ ಇಳಿಯುವ ಈ ಸಂಖ್ಯೆಯು ಕಂಡ ಕೂಡಲೆ ಕಣ್ಣಿಗೆ ಹಿತವಾಗುವುದು ಸಹಜ. ಆದರೆ ಕಣ್ಣಿಗೆ ಹಿತವಾದ ಈ ರೂಪವು ಅದರ ಗುಣಗಳಲ್ಲಿ ತೀರ ಮೇಲ್ಪದರದ್ದೆಂಬುದನ್ನೂ, ಅದರ ನಿಜವಾದ ಸ್ವಭಾವವು ಅದರ ಅಪವರ್ತನಗಳಲ್ಲಿ ನೆಲೆಸಿದೆಯೆಂಬುದನ್ನೂ, ಆ ಸ್ವಭಾವವನ್ನು ಬಗೆದು ನೋಡಿದವರನ್ನು ಹನ್ನೊಂದೂವರೆ ಶತಮಾನಗಳ ಹಿಂದಿನ ಕನ್ನಡ ನಾಡಿನ ಒಂದು ಗಣಿತಗ್ರಂಥವು ಇಂದಿಗೂ ಬಿಡಿಸಲಾಗದಿರುವ ಒಂದು ಮಹಾಪ್ರಶ್ನೆಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆಯೆಂಬುದನ್ನೂ ನಿವೇದಿಸುವುದು ನನ್ನ ಉದ್ದೇಶ.

ಆ ಗ್ರಂಥ ‘ಗಣಿತಸಾರಸಂಗ್ರಹ’; ಅದರ ಕರ್ತೃ ಮಹಾವೀರಾಚಾರ್ಯ. ಕ್ರಿ.ಶ. ಸುಮಾರು 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಈ ಜೈನ ಪಂಡಿತನು ಅದನ್ನು ಸಂಸ್ಕೃತದಲ್ಲಿ ರಚಿಸಿ, ಆರಂಭದ ಪದ್ಯಗಳಲ್ಲಿ ನೃಪತುಂಗನನ್ನು ಮನಸಾರೆ ಸ್ತುತಿಸಿದ್ದಾನೆ. ಅದೇ ದೊರೆಯ ಆಶ್ರಯದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ವೂ ಹುಟ್ಟಿತೆಂಬುದನ್ನು ತಾವೆಲ್ಲರೂ ಬಲ್ಲಿರಿ, ನಮ್ಮ ಭಾಷೆಯ ಮೊದಲ ಲಕ್ಷಣಗ್ರಂಥವೂ ಈ ದೇಶದ ಹಿರಿಯ ಗಣಿತಗ್ರಂಥಗಳಲ್ಲೊಂದೂ ಒಬ್ಬನೇ ಅರಸನ ಕಾಲದಲ್ಲಿ ಮೂಡಿದುವೆಂಬುದು ನಾವು ಇನ್ನೂ ಸಾಕಷ್ಟು ಅಭಿಮಾನದಿಂದ ನೆನೆಯದ ಸಂಗತಿ. ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ. ನಾವು ಸಭೆ ಸೇರಿರುವ ಈ ಮಣಿಕೊಂಡದಿಂದ ಪಶ್ಚಿಮಕ್ಕೆ ತಾಂಡೂರಿನ ದಾರಿ ಹಿಡಿದು ಬೆಳಗ್ಗೆ ಹೊರಟವರು ಕೋಟೆಯನ್ನೂ ಬಸದಿಯನ್ನೂ ನೋಡಿಕೊಂಡು ರಾತ್ರಿಯೂಟಕ್ಕೆ ಮನೆ ಸೇರಬಹುದು. 1956ರ ನವೆಂಬರ್ 1ರವರೆಗೆ ಮಳಖೇಡವೂ ಮಣಿಕೊಂಡವೂ ಒಂದೇ ಹೈದರಾಬಾದ್ ರಾಜ್ಯದ ಊರುಗಳಾಗಿದ್ದುವು; ಆದ್ದರಿಂದ ಮಹಾವೀರನನ್ನು ಕುರಿತ ಮಾತಿಗೆ ಈ ಸ್ಥಳವು ಪರಸ್ಥಳವಲ್ಲ.

ಆರ್ಯಭಟನ ಮತ್ತು ಬ್ರಹ್ಮಗುಪ್ತನ ಗಣಿತವು ಖಗೋಳಶಾಸ್ತ್ರದ ಗ್ರಂಥಗಳಲ್ಲಿ ಒಂದು ಭಾಗವಾಗಿ ಬಂದಿದ್ದರೆ, ಮಹಾವೀರನು ಗಣಿತಕ್ಕೆ ಗಣಿತಕ್ಕಾಗಿಯೇ ಒಂದು ಸ್ವತಂತ್ರ ಗ್ರಂಥವನ್ನು ಮೀಸಲಿಟ್ಟನು. ಮೊದಲು ಸಂಜ್ಞೆಗಳ ಅಧಿಕಾರ, ಅನಂತರ ಎಂಟು ವ್ಯವಹಾರಗಳು, ಒಟ್ಟು ಸಾವಿರದ ನೂರಕ್ಕೂ ಮಿಕ್ಕ ಪದ್ಯಗಳು. ಆಂಧ್ರದೇಶದಲ್ಲಿ ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗು ಪದ್ಯಗಳಿಗೆ ಇಳಿಸಿದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಗ್ರಂಥಗಳನ್ನು ರಚಿಸಿದನು. ಮುಂದೆ ಬಹುಕಾಲ ಹಸ್ತಪ್ರತಿಗಳಲ್ಲೇ ಉಳಿದಿದ್ದ ಮಹಾವೀರನ ಮೂಲವನ್ನು ಪ್ರೊಫೆಸರ್ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿ, ಅದು 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಪ್ರೊಫೆಸರ್ ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದ ಜೈನ ಮಠದಿಂದ ಬೆಳಕು ಕಂಡಿತು. ಗ್ರಂಥವು ಹುಟ್ಟಿದ ನಾಡಿನ ಭಾಷೆಗೆ ಅದು ಇಡಿಯಾಗಿ ಬರಲು ಅಷ್ಟು ಕಾಲ ಹಿಡಿದದ್ದು ಖೇದಕರವಾದರೂ, ಬಂದುದು ಸಂತೋಷದ ವಿಷಯ. ಕನ್ನಡಿಗರ ಮನೆಗಳಲ್ಲಿ ಭಾರತವೂ ವಚನಗಳೂ ಇರುವ ಕಪಾಟಿನಲ್ಲಿ ಅದಕ್ಕೂ ಒಂದು ಸ್ಥಾನವಿರಬೇಕು.

ದೊಡ್ಡ ಸಂಖ್ಯೆಗಳ ವಿಷಯದಲ್ಲಿ ಮಹಾವೀರನಿಗಿದ್ದ ಧೈರ್ಯವನ್ನು ಅವನ ಸ್ಥಾನನಾಮಗಳಿಂದಲೇ ಅಳೆಯಬಹುದು. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ ಎಂದು ಮೊದಲಾಗಿ ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅವನು ಹೆಸರಿಟ್ಟು ಹೇಳುತ್ತಾನೆ. ನಮ್ಮ ಸಂಖ್ಯೆಗೆ ಹನ್ನೊಂದು ಅಂಕಿಗಳಿರುವುದರಿಂದ ಅದರ ಮೊದಲನೆಯ ಒಂದು ನಿಂತಿರುವುದು ಅವನ ಲೆಕ್ಕದ ಅರ್ಬುದದ ಸ್ಥಾನದಲ್ಲಿ. ಪದ್ಯದಲ್ಲಿ ಇಂಥ ಸಂಖ್ಯೆಯನ್ನು ಹೇಳಬೇಕಾದಾಗ ಚಂದ್ರ, ನೇತ್ರ, ಅಗ್ನಿ ಎಂಬಂಥ ಸಂಕೇತಪದಗಳಿಂದ ಒಂದೊಂದು ಅಂಕಿಯನ್ನೂ ಬೇರೆ ಬೇರೆ ಹೆಸರಿಸುವುದು ಅಂದಿನ ಕ್ರಮ. ಮಹಾವೀರನು ಈ ಸಂಖ್ಯೆಗೆ ಮಾತ್ರ ಆ ಶ್ರಮವನ್ನು ಕೈಬಿಟ್ಟು, ಒಂದರಿಂದ ತೊಡಗಿ ಆರನ್ನು ಮುಟ್ಟಿ ಅದೇ ಕ್ರಮದಲ್ಲಿ ಕುಗ್ಗುತ್ತ ಬರುವ ರಾಶಿಯೆಂದು ಅದರ ಆಕಾರವನ್ನೇ ಹೇಳಿ ಮುಗಿಸುತ್ತಾನೆ. ಹನ್ನೊಂದು ಅಂಕಿಗಳ ಸಂಖ್ಯೆಗೆ ಇಷ್ಟು ಸಂಕ್ಷಿಪ್ತವಾದ, ತಪ್ಪಲು ಅವಕಾಶವೇ ಇಲ್ಲದ ವರ್ಣನೆ ಇನ್ನೊಂದಿರಲಾರದು.

ಗುಣಾಕಾರದ ಪ್ರಕರಣಕ್ಕೆ ಬಂದಾಗ ಅವನು ಶಿಷ್ಯರ ಮುಂದಿಡುವ ಉದಾಹರಣೆಗಳು ಬರಿಯ ಅಭ್ಯಾಸಕ್ಕೆಂದು ಕೈಗೆ ಬಂದಂತೆ ಬರೆದವಲ್ಲ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ, ಎಂದರೆ ಗತಪ್ರತ್ಯಾಗತವಾದ, ಇಂಥ ಗುಣಲಬ್ಧಗಳನ್ನು ಅವನು ಕಂಠಾಭರಣವೆಂದು ಕರೆದು ಸಂತೋಷಪಡುತ್ತಾನೆ. ಆ ಸಾಲಿನಲ್ಲಿಯೇ 27994681ನ್ನು 441ರಿಂದ ಗುಣಿಸುವ ಲೆಕ್ಕವಿದೆ. ಉತ್ತರ, ನಮ್ಮ 12345654321. ಈಗ 441 ಎಂಬುದು 21ರ ವರ್ಗವೆಂಬುದನ್ನು ಗಮನಿಸಬೇಕು. 27994681 ಎಂಬುದೂ ಒಂದು ವರ್ಗವೇ, 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಹೀಗೆ ಎರಡು ಸಾಮಾನ್ಯ ಸಂಖ್ಯೆಗಳಂತೆ ತೋರುವ ಗುಣ್ಯ ಗುಣಕಗಳ ಹಿಂದೆ ಆರು ಒಂದುಗಳ ವರ್ಗವು ಮರೆಯಾಗಿ ನಿಂತಿದೆ. ಗುಣಲಬ್ಧವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು, ಅದನ್ನು ಭಾಗಿಸಿ ಭಾಗಿಸಿ ನೋಡಿ, ಆಮೇಲೆ ಈ ಲೆಕ್ಕವನ್ನು ಕಟ್ಟಿದವನ ಕೈ ಇದು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆರು ಒಂದುಗಳ ವರ್ಗಕ್ಕೆ ಈ ರೂಪ ಬರುವುದೇತಕ್ಕೆ? ಶಾಲೆಯಲ್ಲಿ ಕಲಿತಂತೆ 111111ರ ಕೆಳಗೆ 111111ನ್ನು ಬರೆದು ಗುಣಿಸಿದರೆ, 111111 ಎಂಬ ಒಂದೇ ಸಾಲು ಆರು ಸಲ, ಪ್ರತಿಸಲವೂ ಎಡಕ್ಕೆ ಒಂದು ಮನೆ ಸರಿದು, ಒಂದರ ಕೆಳಗೊಂದಾಗಿ ನಿಲ್ಲುತ್ತದೆ. ಕೂಡಲು ತೊಡಗಿದರೆ ಬಿಡಿಯ ಸ್ಥಾನದಲ್ಲಿ ಒಂದೇ ಒಂದು, ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು; ಆರನೆಯ ಸ್ಥಾನದಲ್ಲಿ ಆರೂ ಸಾಲುಗಳು ಒಟ್ಟಿಗೆ ನಿಂತು ಆರು; ಅಲ್ಲಿಂದ ಎಡಕ್ಕೆ ಬಲಗಡೆಯ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬಂದು ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವನ್ನು ಪಕ್ಕದ ಮನೆಗೆ ಒಯ್ಯುವ ಪ್ರಸಂಗವೇ ಬರುವುದಿಲ್ಲ. ಅದೇ ಈ ರೂಪದ ರಹಸ್ಯ. ಒಂಬತ್ತು ಒಂದುಗಳವರೆಗೆ ಈ ಚೆಲುವು ಕೆಡದೆ ನಡೆದು 12345678987654321 ಎಂಬ ರಾಶಿಯನ್ನು ಕೊಡುತ್ತದೆ. ಹತ್ತು ಒಂದುಗಳಿಗೆ ಬಂದೊಡನೆ ನಡುವಿನ ಸ್ಥಾನದಲ್ಲಿ ಹತ್ತು ಕೂಡಿ, ದಶಕವು ಎಡಕ್ಕೆ ದಾಟಿ, 1234567900987654321 ಎಂದಾಗಿ ಕ್ರಮವು ಮುರಿದುಹೋಗುತ್ತದೆ.

ಇಲ್ಲಿ ಒಂದು ಮುಖ್ಯವಾದ ವಿವೇಚನೆಯನ್ನು ಮಾಡಿಕೊಳ್ಳದೆ ಮುಂದುವರಿಯುವಂತಿಲ್ಲ. ಏರಿಳಿತದ ಈ ಗುಣವು ಸಂಖ್ಯೆಯದಲ್ಲ, ಅದನ್ನು ಬರೆಯುವ ಪದ್ಧತಿಯದು. ನಮಗೆ ಹತ್ತು ಬೆರಳುಗಳಿರುವ ಕಾರಣದಿಂದಲೋ ಏನೋ ಹತ್ತು ಹತ್ತಾಗಿ ಗುಂಪು ಕಟ್ಟಿ ಎಣಿಸುತ್ತೇವೆ. ಏಳು ಏಳಾಗಿ ಎಣಿಸುವ ಜನರಿದ್ದರೆ ಅವರೂ ಆರು ಒಂದುಗಳನ್ನು ವರ್ಗಿಸಿ ಇದೇ 12345654321ನ್ನು ಬರೆಯುತ್ತಿದ್ದರು. ಆದರೆ ಅವರ ಆರು ಒಂದುಗಳು ನಮ್ಮ 19608, ಅವರ ವರ್ಗವು ನಮ್ಮ 384473664. ನಮ್ಮದು ಬೆಸ, ಅವರದು ಸರಿ. ರೂಪವು ಒಂದೇ ಆದರೂ ವಸ್ತು ಬೇರೆ. ಗತಪ್ರತ್ಯಾಗತವಾಗಿರುವುದು, ಅಂಕಿಗಳ ಮೊತ್ತವು 36 ಆಗಿರುವುದು, ಇವೆಲ್ಲ ಬರವಣಿಗೆಯ ಧರ್ಮಗಳು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಕಾಪ್ರೇಕರ್ ಎಂಬ ಮಹನೀಯರು ತಮ್ಮ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗಿಸಲ್ಪಡುವ ಸಂಖ್ಯೆಗಳಿಗೆ ಹರ್ಷದ ಸಂಖ್ಯೆಗಳೆಂದು ಹೆಸರಿಟ್ಟರು. 18 ಅಂಥದು, ಏಕೆಂದರೆ 1 ಮತ್ತು 8ರ ಮೊತ್ತವಾದ 9 ಅದನ್ನು ಭಾಗಿಸುತ್ತದೆ. ನಮ್ಮ ಬೆಸ ಸಂಖ್ಯೆಯನ್ನು 36 ಭಾಗಿಸಲಾರದಾದ್ದರಿಂದ ಅದಕ್ಕೆ ಆ ಹೆಸರು ಸಲ್ಲುವುದಿಲ್ಲ. ಇಂಥ ವಿನೋದಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಎಷ್ಟೋ ಮಕ್ಕಳು ಗಣಿತದ ಅಂಗಳಕ್ಕೆ ಕಾಲಿಡುವುದು ಈ ಬಾಗಿಲಿನಿಂದಲೇ. ಆದರೆ ಒಳಕ್ಕೆ ಹೋಗಬೇಕಾದರೆ ಅಂಕಿಗಳನ್ನು ಮರೆತು ಅಪವರ್ತನಗಳನ್ನು ಹಿಡಿಯಬೇಕು.

111111ನ್ನು ಒಡೆಯುವುದು ಕಷ್ಟವಲ್ಲ. ಅದು 111 ಮತ್ತು 1001ರ ಗುಣಲಬ್ಧ. 111 ಎಂದರೆ 3 ಮತ್ತು 37ರ ಗುಣಲಬ್ಧ; 1001 ಎಂದರೆ 7, 11, 13ರ ಗುಣಲಬ್ಧ. ಹೀಗೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಒಂದೊಂದು ಸಲ ಸೇರಿ ಆರು ಒಂದುಗಳಾಗುತ್ತವೆ. ಅವೇ ಐದು ಎರಡೆರಡು ಸಲ ಸೇರಿ 12345654321 ಆಗುತ್ತದೆ. ಇದು ಏಳರ ಮಾನದಲ್ಲಿ ಬರೆದರೂ ಎರಡರ ಮಾನದಲ್ಲಿ ಬರೆದರೂ ಬದಲಾಗದ ಅದರ ವಂಶಾವಳಿ. ಪ್ರತಿಯೊಂದು ಅವಿಭಾಜ್ಯವನ್ನೂ ಭಾಜಕದಲ್ಲಿ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಒಂದೊಂದಕ್ಕೂ ಮೂರು ಆಯ್ಕೆಗಳಂತೆ ಐದಕ್ಕೂ ಸೇರಿ 243 ಭಾಜಕಗಳು. ಭಾಜಕಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಬರುತ್ತವೆ. ವರ್ಗಸಂಖ್ಯೆಗೆ ಮಾತ್ರ ಅದರ ಮೂಲವು ತನಗೆ ತಾನೇ ಜೋಡಿಯಾಗುವುದರಿಂದ ಲೆಕ್ಕವು ಬೆಸವಾಗಿ ನಿಲ್ಲುತ್ತದೆ. ಈ ಬೆಸತನವನ್ನು ತಾವು ದಯಮಾಡಿ ನೆನಪಿನಲ್ಲಿಡಬೇಕು. ಸ್ವಲ್ಪ ಹೊತ್ತಿನಲ್ಲೇ ಅದು ಒಂದು ದೊಡ್ಡ ತೀರ್ಮಾನವನ್ನು ಕೊಡಲಿದೆ.

ಸಂಖ್ಯೆಗಳನ್ನು ಅವುಗಳ ಭಾಜಕಗಳ ಮೊತ್ತದಿಂದ ಮೂರು ಪಂಕ್ತಿಗಳಾಗಿ ವಿಂಗಡಿಸುವ ಪದ್ಧತಿ ಗ್ರೀಕರದು, ಕ್ರಿ.ಶ. ಸುಮಾರು 100ರಲ್ಲಿದ್ದ ನಿಕೋಮಾಕಸನು ಅದನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳೆಲ್ಲ ಕೂಡಿ ತನಗೆ ಸಮನಾದರೆ ಪರಿಪೂರ್ಣ, ಕಡಿಮೆಯಾದರೆ ನ್ಯೂನ, ಮಿಕ್ಕರೆ ಸಮೃದ್ಧ. ಆರರ ಭಾಜಕಗಳಾದ ಒಂದು, ಎರಡು, ಮೂರು ಕೂಡಿ ಆರೇ ಆಗುವುದರಿಂದ ಆರು ಪರಿಪೂರ್ಣ, ಅಂಥವುಗಳಲ್ಲಿ ಮೊದಲನೆಯದು; ಮುಂದಿನವು 28, 496, 8128. ನಿಕೋಮಾಕಸನು ಸಮೃದ್ಧ ಸಂಖ್ಯೆಗಳನ್ನು ಅಂಗಗಳು ಹೆಚ್ಚಾದ ವಿಕಾರಜೀವಿಗಳಿಗೂ ನ್ಯೂನ ಸಂಖ್ಯೆಗಳನ್ನು ಅಂಗಹೀನರಿಗೂ ಹೋಲಿಸಿದನು. ಆ ನೀತಿಬೋಧೆಯನ್ನು ನಾವು ಒಪ್ಪಬೇಕಾದುದಿಲ್ಲ, ವಿಂಗಡಣೆಯನ್ನು ಮಾತ್ರ ಉಳಿಸಿಕೊಳ್ಳೋಣ. ಸಮೃದ್ಧ ಸಂಖ್ಯೆಗಳೆಲ್ಲ ಸರಿಸಂಖ್ಯೆಗಳೆಂಬಂತೆ ಅವನು ಬರೆದನು. ಅದು ಆಶ್ಚರ್ಯವಲ್ಲ. ಸರಿಸಂಖ್ಯೆಗಳಲ್ಲಿ ಸಮೃದ್ಧಿಯು 12ರಿಂದಲೇ ತೊಡಗಿದರೆ, ಬೆಸಸಂಖ್ಯೆಗಳಲ್ಲಿ ಮೊದಲನೆಯ ಸಮೃದ್ಧ ಸಂಖ್ಯೆಯನ್ನು ಕಾಣಬೇಕಾದರೆ 945ರವರೆಗೆ ನಡೆಯಬೇಕು, ಮತ್ತು ಸಾವಿರದೊಳಗೆ ಅದೊಂದೇ.

ಹಾಗಾದರೆ ಮಹಾವೀರನ ಬೆಸಸಂಖ್ಯೆ ಯಾವ ಪಂಕ್ತಿಯದು? ಮೊದಲು ಮೂಲವನ್ನು ನೋಡೋಣ. 111111ಕ್ಕೆ 32 ಭಾಜಕಗಳು. ಅವುಗಳ ಮೊತ್ತ 204288. ತನ್ನನ್ನು ಕಳೆದರೆ 93177. ಅದು 111111ನ್ನು ಮುಟ್ಟುವುದಿಲ್ಲವಾದ್ದರಿಂದ ಮೂಲವು ನ್ಯೂನ. ಈಗ ವರ್ಗಕ್ಕೆ ಬನ್ನಿ. ಪ್ರತಿಯೊಂದು ಅವಿಭಾಜ್ಯಕ್ಕೂ ಒಂದನ್ನೂ ಅದನ್ನೂ ಅದರ ವರ್ಗವನ್ನೂ ಕೂಡಿ ಗುಣಿಸುವುದು ಭಾಜಕಗಳ ಮೊತ್ತವನ್ನು ಕಾಣುವ ಕ್ರಮ. 3ಕ್ಕೆ 13, 7ಕ್ಕೆ 57, 11ಕ್ಕೆ 133, 13ಕ್ಕೆ 183, 37ಕ್ಕೆ 1407. ಈ ಐದನ್ನು ಗುಣಿಸಿದರೆ 25375524993. ಅದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 13029870672. ನಮ್ಮ ಸಂಖ್ಯೆಗಿಂತ 684216351ರಷ್ಟು ಹೆಚ್ಚು. ಮೂಲವು ನ್ಯೂನವಾಗಿದ್ದರೂ ವರ್ಗವು ಸಮೃದ್ಧವಾಯಿತು. ಬೆಸಸಂಖ್ಯೆಗಳಲ್ಲಿ ವಿರಳವಾದ ಆ ಪಂಕ್ತಿಗೆ ಮಹಾವೀರನ ಕಂಠಾಭರಣವು ಸೇರಿತು. ಅದು ಪರಿಪೂರ್ಣವಾಗಿರಲಾರದೆಂಬುದನ್ನು ಇಷ್ಟು ಗುಣಾಕಾರವಿಲ್ಲದೆಯೇ ಹೇಳಬಹುದಾಗಿತ್ತು. ಭಾಜಕಗಳು 243, ಎಲ್ಲವೂ ಬೆಸ; ಬೆಸಸಂಖ್ಯೆಗಳನ್ನು ಬೆಸ ಸಲ ಕೂಡಿದರೆ ಮೊತ್ತವು ಬೆಸವೇ ಆಗಬೇಕು; ಪರಿಪೂರ್ಣವಾಗಬೇಕಾದರೋ ಎಲ್ಲ ಭಾಜಕಗಳ ಮೊತ್ತವು ಸಂಖ್ಯೆಯ ಎರಡರಷ್ಟು, ಎಂದರೆ ಸರಿಸಂಖ್ಯೆಯಾಗಿರಬೇಕು. ಆದಕಾರಣ ಬೆಸಸಂಖ್ಯೆಯ ಯಾವ ವರ್ಗವೂ ಪರಿಪೂರ್ಣವಾಗಲಾರದು.

ಇನ್ನು ನಾನು ಹೇಳಬೇಕೆಂದು ಬಂದ ಮುಖ್ಯ ವಿಷಯ. ಐದು ಅವಿಭಾಜ್ಯಗಳಲ್ಲಿ ದೊಡ್ಡದಾದ 37ನ್ನು ಬದಿಗಿಟ್ಟು, 3, 7, 11, 13 ಈ ನಾಲ್ಕನ್ನು ಮಾತ್ರ ವರ್ಗಿಸಿ ಗುಣಿಸಿ ನೋಡಿ. ನಾಲ್ಕರ ಗುಣಲಬ್ಧ 3003; ಅದರ ವರ್ಗ 9018009. ಇದರ ಭಾಜಕಗಳ ಮೊತ್ತ 18035199. ಪರಿಪೂರ್ಣತೆಗೆ ಬೇಕಾದುದು 18036018. ಕೊರತೆ ಕೇವಲ 819! ತೊಂಬತ್ತು ಲಕ್ಷದ ಒಂದು ಬೆಸಸಂಖ್ಯೆಯು ಪರಿಪೂರ್ಣತೆಯ ಅಂಚಿಗೆ ಬಂದು ಸಾವಿರಕ್ಕೂ ಕಡಮೆಯಾದ ಕೊರತೆಯಿಂದ ಈಚೆಗೇ ನಿಂತಿದೆ. ಈ ಕೊರತೆಯನ್ನು ಇನ್ನೊಂದು ಅವಿಭಾಜ್ಯವನ್ನು ಗುಣಕವಾಗಿ ಸೇರಿಸಿ ತುಂಬಲು ಸಾಧ್ಯವೇ? ಸೇರಿಸಬೇಕಾದ ಅವಿಭಾಜ್ಯವು ತೀರ ಸಣ್ಣದಾದರೆ ಮೊತ್ತವು ಗುರಿಯನ್ನು ದಾಟಿಹೋಗುತ್ತದೆ. 37ನ್ನು ಒಂದೇ ಒಂದು ಸಲ ಸೇರಿಸಿದರೂ ಬರುವ 333666333 ಆಗಲೇ ಸಮೃದ್ಧ. ತೀರ ದೊಡ್ಡದಾದರೆ ಕೊರತೆಯು ತುಂಬುವುದಿಲ್ಲ. ಸರಿಯಾಗಿ ಒಪ್ಪುವ ಗುಣಕವನ್ನು ಕಾಣುವ ಲೆಕ್ಕವು ಸರಳ: ಭಾಜಕಗಳ ಮೊತ್ತವನ್ನು ಕೊರತೆಯಿಂದ ಭಾಗಿಸಬೇಕು. 18035199ನ್ನು 819ರಿಂದ ಭಾಗಿಸಿದರೆ ಶೇಷವೇ ಇಲ್ಲದೆ 22021 ಬರುತ್ತದೆ.

ಶೇಷವಿಲ್ಲದೆ ಬಂದ ಈ ಭಾಗಲಬ್ಧವನ್ನು ಕಂಡವರಿಗೆ ಎದೆ ಹಾರದಿದ್ದರೆ ಅವರು ಗಣಿತವನ್ನು ಪ್ರೀತಿಸುವವರಲ್ಲ. 22021 ಅವಿಭಾಜ್ಯವಾಗಿದ್ದಿದ್ದರೆ ಅದನ್ನು 9018009ರಿಂದ ಗುಣಿಸಿದ 198585576189 ಎಂಬುದು ಒಂದು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಎರಡು ಸಾವಿರ ವರ್ಷಗಳ ಹುಡುಕಾಟವು ಅಲ್ಲಿಗೆ ಮುಗಿಯುತ್ತಿತ್ತು. ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟನು 1638ರಲ್ಲಿ ಮೆರ್ಸೆನ್ನನಿಗೆ ಬರೆದ ಪತ್ರದಲ್ಲಿ ಹೇಳಿದುದು ಇದನ್ನೇ: 22021ನ್ನು ಅವಿಭಾಜ್ಯವೆಂದು ಭಾವಿಸಿಕೊಂಡರೆ ಈ ಸಂಖ್ಯೆಯು ಪರಿಪೂರ್ಣ. ಆದರೆ ಅದು ಅವಿಭಾಜ್ಯವಲ್ಲ. 19ರ ಮಗ್ಗಿಯನ್ನು ಬಲ್ಲವನು ಅದನ್ನು ಒಡೆಯಬಲ್ಲ: 19, 19, 61ರ ಗುಣಲಬ್ಧ. ನಿಜವಾದ ಭಾಜಕಗಳನ್ನು ಕೂಡಿದರೆ 22021ಕ್ಕೆ ಸಲ್ಲುವ ಮೊತ್ತ 22022 ಅಲ್ಲ, 23622. ಆ ಹೆಚ್ಚಳದಿಂದ ಡೇಕಾರ್ಟನ ಸಂಖ್ಯೆಯೂ ಸಮೃದ್ಧವಾಗಿಬಿಡುತ್ತದೆ. ಒಂದು ಭಾಜ್ಯ ಸಂಖ್ಯೆಯನ್ನು ಅವಿಭಾಜ್ಯವೆಂದು ಎಣಿಸಿದಾಗ ಮಾತ್ರ ಪರಿಪೂರ್ಣವಾಗಿ ತೋರುವ ಬೆಸಸಂಖ್ಯೆಗಳಿಗೆ ಇಂದು ಅವನ ಹೆಸರೇ ಉಳಿದಿದೆ, ಮತ್ತು ಅಂಥದು ಇದುವರೆಗೆ ತಿಳಿದಿರುವುದು ಇದೊಂದೇ.

ಮಾನ್ಯಖೇಟದ ಕಾಲದ ಗಣಿತಜ್ಞನ ಸಂಖ್ಯೆಯನ್ನೂ ಹದಿನೇಳನೆಯ ಶತಮಾನದ ಯುರೋಪಿನ ತತ್ತ್ವಜ್ಞಾನಿಯ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡರ ಗರ್ಭದಲ್ಲೂ ಇರುವುದು 3003ರ ವರ್ಗವೇ. ಅದನ್ನು 1369ರಿಂದ ಗುಣಿಸಿದರೆ ಮಹಾವೀರನದು, 22021ರಿಂದ ಗುಣಿಸಿದರೆ ಡೇಕಾರ್ಟನದು. ಒಬ್ಬನು ಇನ್ನೊಬ್ಬನಿಂದ ಪಡೆದನೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಇಬ್ಬರಿಗೂ ಅನ್ಯಾಯ. ಮಹಾವೀರನು ಭಾಜಕಗಳ ಮೊತ್ತವನ್ನು ಅರಸಿದವನೂ ಅಲ್ಲ. ಒಬ್ಬನು ಅಂಕಿಗಳ ಸೌಂದರ್ಯವನ್ನು ಹಿಂಬಾಲಿಸಿ 7, 11, 13ರ ಬಳಿಗೆ ಬಂದನು, ಏಕೆಂದರೆ 1001 ಎಂಬ ಸಂಖ್ಯೆಯು ದಶಮಾನ ಪದ್ಧತಿಯ ಹಲವು ಗತಪ್ರತ್ಯಾಗತಗಳ ಒಳಗೆ ಹೊಂಚುಹಾಕಿರುತ್ತದೆ. ಇನ್ನೊಬ್ಬನು ಅಂಕಿಗಳನ್ನು ಲಕ್ಷಿಸದೆ, ಭಾಜಕಗಳ ತೂಕವನ್ನು ಸರಿಹೊಂದಿಸುತ್ತ ಅದೇ ಸಣ್ಣ ಅವಿಭಾಜ್ಯಗಳ ಬಳಿಗೆ ಬಂದನು. ಬೇರೆ ಬೇರೆ ದಾರಿ ಹಿಡಿದ ಇಬ್ಬರು ಒಂದೇ ಸ್ಥಳದಲ್ಲಿ ಸಂಧಿಸಿದರೆಂಬುದೇ ನನಗೆ ಈ ಸಂಖ್ಯೆಯ ಅತ್ಯಂತ ಆದರಣೀಯವಾದ ಗುಣವಾಗಿ ಕಾಣುತ್ತದೆ.

ಬೆಸ ಪರಿಪೂರ್ಣ ಸಂಖ್ಯೆಯು ಇದೆಯೇ ಇಲ್ಲವೇ ಎಂಬುದು ಇಂದಿಗೂ ನಿರ್ಣಯವಾಗಿಲ್ಲ. ಸರಿಸಂಖ್ಯೆಗಳ ವಿಷಯದಲ್ಲಿ ಯೂಕ್ಲಿಡನು ಒಂದು ಸೂತ್ರವನ್ನು ಕೊಟ್ಟನು. ಆ ಸೂತ್ರದ ಹೊರಗೆ ಬೇರೊಂದು ಸರಿ ಪರಿಪೂರ್ಣ ಸಂಖ್ಯೆ ಇರಲಾರದೆಂದು ಹದಿನೆಂಟನೆಯ ಶತಮಾನದಲ್ಲಿ ಆಯ್ಲರನು ಸಾಧಿಸಿದನು. ಬೆಸ ಪರಿಪೂರ್ಣ ಸಂಖ್ಯೆಯೇನಾದರೂ ಇದ್ದರೆ ಅದು ಒಂದು ಅವಿಭಾಜ್ಯದ ಬೆಸ ಘಾತವನ್ನು ಒಂದು ವರ್ಗದಿಂದ ಗುಣಿಸಿದ ರೂಪದಲ್ಲೇ ಇರಬೇಕೆಂಬುದನ್ನೂ ಅವನೇ ತೋರಿಸಿದನು. ಡೇಕಾರ್ಟನು 3003ರ ವರ್ಗಕ್ಕೆ 22021ನ್ನು ಜೋಡಿಸಿದ್ದು ಸರಿಯಾಗಿ ಈ ಆಕಾರದಲ್ಲಿಯೇ. 2012ರಲ್ಲಿ ಓಶೆಮ್ ಮತ್ತು ರಾವ್ ಎಂಬ ಇಬ್ಬರು ಫ್ರೆಂಚ್ ವಿದ್ವಾಂಸರು, ಅಂಥ ಸಂಖ್ಯೆಯಿದ್ದರೆ ಅದು 1500 ಅಂಕಿಗಳನ್ನು ಮೀರಿರಬೇಕೆಂದು ಸಾಧಿಸಿದರು. ಮಹಾವೀರನ ಮಹಾಕ್ಷೋಭಕ್ಕೆ ಇಪ್ಪತ್ತನಾಲ್ಕು ಸ್ಥಾನಗಳೆಂಬುದನ್ನು ನೆನೆದರೆ ಈ ಅಳತೆಯ ಕಲ್ಪನೆಯಾದೀತು.

ಸಭೆಯಲ್ಲಿರುವ ತರುಣರಲ್ಲಿ ಬಹುಮಂದಿ ಗಚ್ಚಿಬೌಲಿಯ, ನಾನಕ್‌ರಾಮ್‌ಗುಡದ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವವರು. 22021ರ ವಿಚಾರವು ಅವರಿಗೆ ದೂರದ್ದಲ್ಲ. ಒಂದು ಸಂಖ್ಯೆಯು ಯಾವ ಪಂಕ್ತಿಗೆ ಸೇರಿತೆಂದು ಹೇಳಬೇಕಾದರೆ ಅದರ ಅಪವರ್ತನಗಳು ತಿಳಿದಿರಬೇಕು. ಹನ್ನೊಂದು ಅಂಕಿಗಳ ನಮ್ಮ ಸಂಖ್ಯೆಯನ್ನು ಕಾಗದದ ಮೇಲೆ ಒಡೆಯಬಹುದು, ಆದರೆ ಎರಡು ಮಹಾ ಅವಿಭಾಜ್ಯಗಳನ್ನು ಗುಣಿಸಿ ಮಾಡಿದ 617 ಅಂಕಿಗಳ ಸಂಖ್ಯೆಯನ್ನು ಒಡೆಯಬಲ್ಲ ಗಣಕಯಂತ್ರವು ಇನ್ನೂ ಇಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ರೂಪಿಸಿದ ಗೂಢಲಿಪಿಯು ಈ ಅಶಕ್ಯತೆಯನ್ನೇ ಬೀಗವಾಗಿ ಬಳಸಿತು. ಅವರ ಪದ್ಧತಿಯ ಪರೀಕ್ಷೆಗೆಂದು ಪ್ರಕಟಿಸಿದ್ದ ಸಂಖ್ಯೆಗಳಲ್ಲಿ 250 ಅಂಕಿಗಳ ಒಂದನ್ನು 2020ರಲ್ಲಿ ಒಡೆಯಲಾಯಿತು. ಅದಕ್ಕೂ ಸಾವಿರಾರು ಯಂತ್ರಗಳ ದುಡಿಮೆ ಬೇಕಾಯಿತು. ನಿಮ್ಮ ಬ್ಯಾಂಕಿನ ವ್ಯವಹಾರವು ಪರರ ಕಣ್ಣಿಗೆ ಬೀಳದಂತೆ ಕಾಯುವ ವಿಧಾನಗಳಲ್ಲಿ ಇಂದಿಗೂ ಇದಕ್ಕೆ ಸ್ಥಾನವಿದೆ.

3003ನ್ನು ಇಷ್ಟಕ್ಕೇ ಬಿಡಲು ಮನಸ್ಸು ಬಾರದು, ಏಕೆಂದರೆ ಅದು ಮಹಾವೀರನಿಗೆ ಇನ್ನೊಂದು ಬಗೆಯಿಂದಲೂ ಸಲ್ಲುತ್ತದೆ. ಹಲವು ವಸ್ತುಗಳಲ್ಲಿ ಕೆಲವನ್ನು ಆಯುವ ವಿಕಲ್ಪಗಳ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಅವನು ಮೊದಲಿಗನೆಂದು ವಿದ್ವಾಂಸರು ಎಣಿಸುತ್ತಾರೆ. ಷಡ್ರಸಗಳಲ್ಲಿ ಒಂದನ್ನೋ ಎರಡನ್ನೋ ಮೂರನ್ನೋ ಬೆರೆಸಿದರೆ ಎಷ್ಟು ಬಗೆಯ ರುಚಿಗಳಾಗುತ್ತವೆ ಎಂಬುದು ಅವನ ಉದಾಹರಣೆ. ಆರರಿಂದ ಮೂರನ್ನು ಆಯಬೇಕಾದರೆ 6, 5, 4ನ್ನು ಗುಣಿಸಿ 1, 2, 3ರ ಗುಣಲಬ್ಧದಿಂದ ಭಾಗಿಸಬೇಕು, 20 ಬಗೆಗಳು. ಈ ಕ್ರಮದಿಂದ ಹದಿನಾಲ್ಕರಲ್ಲಿ ಆರನ್ನು ಆಯುವ ವಿಕಲ್ಪಗಳನ್ನು ಎಣಿಸಿದರೆ 3003. ಹದಿನೈದರಲ್ಲಿ ಐದನ್ನು ಆಯ್ದರೂ 3003. ಎಪ್ಪತ್ತೆಂಟರಲ್ಲಿ ಎರಡನ್ನು ಆಯ್ದರೂ 3003. ಛಂದಸ್ಸನ್ನು ಓದಿದವರು ಬಲ್ಲ ಮೇರು ಪ್ರಸ್ತಾರದಲ್ಲಿ ಒಂದನ್ನು ಬಿಟ್ಟು ಬೇರಾವ ಸಂಖ್ಯೆಯೂ ಇದರಷ್ಟು ಸಲ, ಎಂದರೆ ಎಂಟು ಸಲ, ಕಾಣಿಸಿಕೊಂಡದ್ದು ಇದುವರೆಗೆ ತಿಳಿದುಬಂದಿಲ್ಲ. ಇಂಥ ಸಂಖ್ಯೆಯ ವರ್ಗವನ್ನು 37ರ ವರ್ಗದಿಂದ ಗುಣಿಸಿದಾಗ ಒಂದರಿಂದ ಆರಕ್ಕೆ ಏರಿ ಇಳಿಯುವ ರಾಶಿಯಾಗುತ್ತದೆಂಬುದನ್ನು ಕಾರಣಸಹಿತವಾಗಿ ಬಿಡಿಸಿ ಹೇಳಿದ ಮೇಲೂ ನನ್ನ ವಿಸ್ಮಯವು ಕಡಮೆಯಾಗಿಲ್ಲ.

ಮಹಾವೀರನ ಕಂಠಾಭರಣಗಳೆಲ್ಲ ಒಂದೇ ಪಂಕ್ತಿಯವೆಂದು ಮಾತ್ರ ಯಾರೂ ಭಾವಿಸಬಾರದು. 333333666667ನ್ನು 33ರಿಂದ ಗುಣಿಸಿದರೆ 11000011000011 ಬರುವುದೆಂದು ಅವನ ಇನ್ನೊಂದು ಲೆಕ್ಕವಿದೆ. ಮೂರು, ಆರು, ಏಳರ ಈ ಗುಣ್ಯವನ್ನು ಒಡೆದರೆ 19, 52579, 333667 ಎಂಬ ಮೂರು ಅವಿಭಾಜ್ಯಗಳು ಸಿಗುತ್ತವೆ. ಒಂದೂ ಎರಡು ಸಲ ಬರುವುದಿಲ್ಲ. ಭಾಜಕಗಳು ಎಂಟೇ ಎಂಟು. ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ 17551602133, ಎಂದರೆ ಸಂಖ್ಯೆಯ ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಹತ್ತಿರ. ಇದಕ್ಕಿಂತ ಸಣ್ಣದಾದ 12345654321 ಎಂಬುದು 243 ಭಾಜಕಗಳಿಂದ ತುಂಬಿ ತುಳುಕುತ್ತಿದ್ದರೆ, ಅದರ ಇಪ್ಪತ್ತೇಳರಷ್ಟು ದೊಡ್ಡದಾದ ಇದು ತೀರ ನ್ಯೂನ; ಸಣ್ಣ ಅವಿಭಾಜ್ಯಗಳನ್ನು ಎರಡೆರಡು ಸಲ ಒಳಗೊಂಡಿದ್ದು ಅದಕ್ಕೆ ಸಮೃದ್ಧಿಯನ್ನು ಕೊಟ್ಟಿತು, ದೊಡ್ಡ ಅವಿಭಾಜ್ಯಗಳನ್ನು ಒಂದೊಂದೇ ಸಲ ಒಳಗೊಂಡಿದ್ದು ಇದಕ್ಕೆ ನ್ಯೂನತೆಯನ್ನು ತಂದಿತು. ಎಂಟು ಒಂದುಗಳನ್ನು ಕೊಡುವ 152207 ಮತ್ತು 73ರ ಜೋಡಿಯು ಇವೆರಡರಲ್ಲಿ ಯಾವುದರ ಕಡೆಗೆ ವಾಲುತ್ತದೆಂಬುದನ್ನು, ಆ ಎಂಟು ಒಂದುಗಳ ವರ್ಗವು ಸಮೃದ್ಧವಾಗುತ್ತದೆಯೇ ಇಲ್ಲವೇ ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳು ಇಂದು ರಾತ್ರಿ ಕಾಗದ ಲೇಖನಿ ಹಿಡಿದು ತಾವೇ ನಿರ್ಧರಿಸಬಹುದು. ಅವರಿಗೆ ಬೇಕಾಗುವ ಅವಿಭಾಜ್ಯಗಳು 11, 73, 101 ಮತ್ತು 137.